ಬತ್ತಿದ ಗಂಟು

ಶೇಂಗಾ ಗಿಡ ಮಣ್ಣಿನೊಳಗೆ ಏನು ಮಾಡುತ್ತಿದೆ ಎಂದು ಕಿತ್ತು ನೋಡದೆ ತಿಳಿಯುವ ಉಪಾಯ ಸಿಕ್ಕಿದ ಮೇಲೆ ಗಿಡಗಳಿಗೆ ಗುಟ್ಟು ಎಂಬುದು ಉಳಿಯಲಿಲ್ಲ. ಅದಕ್ಕೆ ಮುಂಚೆ ಅವು ಮೇಲೆ ನಾಲ್ಕು ಎಲೆಗಳನ್ನು ಹಸಿರಾಗಿಟ್ಟುಕೊಂಡು ಕೆಳಗೆ ಹೇಗೆ ಬೇಕಾದರೂ ಕಾಲ ಕಳೆಯಬಹುದಿತ್ತು, ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಕಾಫಿಗೆ ಹೋದ ಗುಮಾಸ್ತರ ಹಾಗೆ.

ಉಪಾಯ ಸರಳವಾಗಿತ್ತು. ಶೇಂಗಾದ ಬೇರಿನಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳು ಕಟ್ಟುತ್ತವೆ. ಅವುಗಳೊಳಗೆ ಬ್ಯಾಕ್ಟೀರಿಯಾ ಬಿಡಾರ ಹೂಡಿರುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಅವು ಗಾಳಿಯೊಳಗಿನ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಈ ಕೆಲಸ ನಡೆಯುವಾಗ ಚೂರು ಜಲಜನಕ ಸೋರುತ್ತದೆ, ಒಗ್ಗರಣೆ ಹಾಕಿದ್ದು ಬೀದಿಗೆ ಗೊತ್ತಾಗುವ ಹಾಗೆ. ಆ ಜಲಜನಕವನ್ನು ಹಿಡಿಯುವ ಕೂದಲೆಳೆಯಂಥ ತಂತಿಯನ್ನು ಸಾಲಿನುದ್ದಕ್ಕೂ ಹೂತರು. ಅದಕ್ಕೆ ಬೇರುಗಿವಿ ಎಂದು ಹೆಸರಿಟ್ಟರು. ಗಂಟು ದುಡಿಯುತ್ತಿದ್ದರೆ ಹಿರೇಮಟ್ಟಿಯ ಸಂಶೋಧನಾ ಕೇಂದ್ರದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಸಿರು ಚುಕ್ಕೆ, ಸತ್ತರೆ ಕೆಂಪು.

ಮಳೆ ಜೂನ್‌ನಲ್ಲಿ ಸುದ್ದಿಯಾಗಿ, ಆಗಸ್ಟ್‌ನಲ್ಲಿ ವದಂತಿಯಾಗಿ ಮುಗಿದುಹೋಗುವ ಕಾಲ ಅದು. ಮೂರು ತಾಲ್ಲೂಕಿಗೆ ಇದ್ದದ್ದು ಒಂದೇ ಜಲಾಶಯ. ಅದರ ನೀರನ್ನು ಯಾರಿಗೆ ಎಷ್ಟು ನಿಮಿಷ ಬಿಡಬೇಕೆಂಬ ಜಗಳ ಎರಡು ಚುನಾವಣೆಗಳನ್ನು ನುಂಗಿತ್ತು. ಬೇರುಗಿವಿ ಬಂದದ್ದೇ ಎಲ್ಲರಿಗೂ ಸಮಾಧಾನವಾಯಿತು. ಜಾತಿ ನೋಡುವುದಿಲ್ಲ, ಪಕ್ಷ ನೋಡುವುದಿಲ್ಲ, ಬೇರು ನೋಡುತ್ತದೆ. ‘ದುಡಿಯುವ ಬೇರಿಗೆ ನೀರು’ ಎಂದು ನೀರಿನ ಮಂಡಳಿ ಗೋಡೆಗಳ ಮೇಲೆ ಬರೆಸಿತು. ಕೆಂಪು ಬಿದ್ದ ಹೊಲದ ಪಾಳಿ ಅವತ್ತಿಗೇ ನಿಲ್ಲುತ್ತಿತ್ತು. ತಂತಿಗಳನ್ನು ಕಿತ್ತು ಬೇರೆಯವರ ಹೊಲಕ್ಕೆ ಹಾಕುತ್ತಿದ್ದರು.

ಇಂದುಶೇಖರನ ಕೆಲಸ ಕೆಂಪು ಚುಕ್ಕೆಗೆ ರುಜು ಹಾಕುವುದು. ಮೈಸೂರಿನವನು, ನಲವತ್ತನಾಲ್ಕು ವರ್ಷ, ಭಾಷಾವಿಜ್ಞಾನದಲ್ಲಿ ಚಿನ್ನದ ಪದಕ. ಭಾಷಾವಿಜ್ಞಾನಿಗೆ ಶೇಂಗಾ ಸಂಶೋಧನಾ ಕೇಂದ್ರದಲ್ಲಿ ಏನು ಕೆಲಸ ಎಂದು ಅವನ ಮಾವ ಮದುವೆಯಾದಾಗಿನಿಂದ ಕೇಳುತ್ತಿದ್ದರು. ಅವನು ವಿವರಿಸುತ್ತಿದ್ದ, ಅವರು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಕೆಂಪು ಬಿದ್ದದ್ದು ಯಾವುದೋ ಊರಿನ ಹೊಲವಲ್ಲ, ಕೇಂದ್ರದ್ದೇ ಒಂಬತ್ತನೇ ತಾಕು. ಅದರಲ್ಲಿದ್ದದ್ದು ಇನ್ನೂರ ಹನ್ನೆರಡು ಗಿಡ, ತಳಿಯ ಸಂಖ್ಯೆ ಮೂವತ್ತೊಂದು. ಹಳೆಯ ನಾಟಿ ಶೇಂಗಾದ ಬೀಜ ಅಲ್ಲೊಂದು ಇಲ್ಲೊಂದು ಹುಡುಕಿ ತಂದು ಕಟ್ಟಿದ ತಳಿ. ಉಗ್ರಾಣದಲ್ಲಿ ಅದರ ಒಂದು ಕಾಳೂ ಉಳಿದಿರಲಿಲ್ಲ. ಆ ಗಿಡಗಳು ಕಾಯಿ ಕಟ್ಟದಿದ್ದರೆ ತಳಿ ಮುಗಿಯಿತು. ಕೂಲಿ ಹೆಂಗಸರು ಅದನ್ನು ‘ಸೋಮಾರಿ’ ಎನ್ನುತ್ತಿದ್ದರು. ಪಕ್ಕದ ತಾಕಿನಲ್ಲಿದ್ದದ್ದು ಮಂಡಳಿಯ ಮುದ್ದಿನ ತಳಿ, ‘ಕಾಯಕ-೪’. ಅದು ಬರದಲ್ಲೂ ಕಡೆಯ ಹನಿಯವರೆಗೆ ಗಂಟು ದುಡಿಸಿ, ಹಸಿರು ಚುಕ್ಕೆ ತೋರಿಸುತ್ತಲೇ ಒಂದು ದಿನ ಮಧ್ಯಾಹ್ನ ಮಗುಚಿಕೊಳ್ಳುತ್ತಿತ್ತು.

ನಿಯಮದ ಪ್ರಕಾರ ರುಜು ಹಾಕುವ ಮುಂಚೆ ಮೂರು ಗಿಡ ಕಿತ್ತು ನೋಡಬೇಕು. ಹನ್ನೊಂದು ವರ್ಷದಲ್ಲಿ ಇಂದುಶೇಖರ ಖುದ್ದಾಗಿ ಹೋಗಿ ನೋಡಿದ್ದು ಕಡಿಮೆ; ಈ ಸಲ ತಾಕು ಕಿಟಕಿಯಿಂದಲೇ ಕಾಣುತ್ತಿದ್ದುದರಿಂದ ಹೊರಟ.

ತಾಕಿನಲ್ಲಿ ಪಾಲಮ್ಮ ಕಾಯುತ್ತಿದ್ದಳು. ಕೂಲಿ ಹೆಂಗಸರ ಗುಂಪಿಗೆ ಮುಂದಾಳು, ಐವತ್ತು ದಾಟಿದವಳು. ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಗಂಟೊಂದನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ಅಂಗೈ ಮೇಲಿಟ್ಟು ತೋರಿಸಿದಳು.

“ಬತ್ತೈತೆ, ಸಾ.”

“ಸರಿ,” ಎಂದ ಇಂದುಶೇಖರ ಕೈಯಲ್ಲಿದ್ದ ಫಲಕದ ಮೇಲೆ ‘ಸಾವು’ ಒತ್ತಲು ಬೆರಳು ಎತ್ತಿದ.

“ಅದೇನ್ ಒತ್ತೀರಿ?”

“ಸತ್ತಿದೆ ಅಂತ.”

“ಸತ್ತೈತೆ ಅಂತ ಯಾರಂದ್ರು?”

“ನೀನೇ ಅಂದ್ಯಲ್ಲಮ್ಮ, ಬತ್ತಿದೆ ಅಂತ.”

ಪಾಲಮ್ಮ ಅವನ ಮುಖ ನೋಡಿದಳು. ಪೇಟೆಯವರನ್ನು ನೋಡುವಾಗ ಅವಳ ಕಣ್ಣಿನಲ್ಲಿ ಬರುವ ಮರುಕ ಬಂತು.

“ನಿಮ್ಮನೇಲಿ ಎಮ್ಮೆ ಕಟ್ಟಿದ್ರಾ ಸಾ?”

“ಇಲ್ಲ. ಪ್ಯಾಕೆಟ್ ಹಾಲು.”

“ಅದೇ ಮತ್ತೆ. ಗಬ್ಬ ಆದ ಎಮ್ಮೆ ಈಯೋಕೆ ಎಲ್ಡು ತಿಂಗ್ಳು ಐತೆ ಅನ್ನೂವಾಗ ಹಾಲು ಬತ್ತುತ್ತೆ. ಬತ್ತದಿದ್ರೆ ನಾವೇ ಬತ್ತಿಸ್ತೀವಿ, ಕರೆಯೋದು ಬಿಟ್ಟು. ಇಲ್ದಿದ್ರೆ ಒಟ್ಟೆಯಾಗಿನ ಕರೂಗೆ ಏನಿರ್ತೈತೆ? ಬತ್ತಿದ ಎಮ್ಮೆ ಸತ್ತೈತೆ ಅಂತ ಯಾರಾನ ಅಂತಾರಾ? ಸತ್ತಿರೋದಂದ್ರೆ ಬರ್ರಿ, ತೋರಿಸ್ತೀನಿ.”

ಪಕ್ಕದ ಕಾಯಕದ ತಾಕಿನ ಮೂಲೆಯಲ್ಲಿ ಮಗುಚಿದ್ದ ಗಿಡವೊಂದನ್ನು ಕಿತ್ತಳು. ಗಂಟು ಒತ್ತಿದ ಕೂಡಲೇ ಪಿಚಕ್ಕನೆ ಕಪ್ಪು ನೀರು ಬಂತು. “ಇದು ಗೊಡ್ಡು. ಇನ್ನೇನೂ ಇಲ್ಲ ಇದ್ರಾಗೆ. ಸೋಮಾರಿದು ಮುಟ್ಟಿ ನೋಡ್ರಿ.” ಮುಟ್ಟಿದ. ದುಡಿಯುವ ಗಂಟಿನೊಳಗೆ ಇರುವ ಕೆಂಪು ಇಳಿದು ಮಾಸಲು ಬಿಳಿಯಾಗಿತ್ತು. ಆದರೆ ಗಟ್ಟಿಯಾಗಿತ್ತು, ಹಸಿ ಕೊಬ್ಬರಿಯ ಚೂರಿನಂತೆ. “ಸೋಮಾರಿ ಸಕ್ಕರೆ ಕೊಡೋದು ಬಿಟ್ಟೈತೆ, ಅಷ್ಟೆ. ಮಳೆ ಬಂದ್ರೆ ತಿರುಗಾ ಕರೀತೈತೆ.”

“ಇದನ್ನ ಮುಂಚೆ ಯಾಕೆ ಹೇಳಲಿಲ್ಲ ನೀನು?”

“ಹೇಳಿದ್ನಲ್ಲ ಸಾ. ಬತ್ತೈತೆ ಅಂತ.”

ಇಂದುಶೇಖರ ಬೆರಳನ್ನು ಫಲಕದಿಂದ ಹಿಂದಕ್ಕೆ ತೆಗೆದ. ಬಿಸಿಲಿಗೆ ಅವನ ಕನ್ನಡಕ ಜಾರುತ್ತಿತ್ತು. ಅದನ್ನು ಮೂರು ಸಲ ಏರಿಸಿದ.

ಹನ್ನೊಂದು ವರ್ಷದ ಹಿಂದೆ ಬೇರುಗಿವಿಯ ಯಂತ್ರಕ್ಕೆ ಗೊತ್ತಿದ್ದದ್ದು ಬರೀ ಅಂಕಿಗಳು. ಜಲಜನಕ ಹೀಗೆ ಏರಿತು, ಹೀಗೆ ಇಳಿಯಿತು. ಅದರ ಅರ್ಥವೇನೆಂದು ಹೇಳಿಕೊಡಬೇಕಿತ್ತು. ನಾಲ್ಕು ಸಾವಿರ ಗಿಡ ಕೀಳಿಸಿದರು. ಹೆಂಗಸರು ಒಂದೊಂದರ ಗಂಟು ಸೀಳಿ, ನೋಡಿದ್ದನ್ನು ಅವರ ಮಾತಿನಲ್ಲೇ ಹೇಳಿದರು. ‘ಕೆಂಪೈತೆ’, ‘ಎಳೇದು’, ‘ಕೊಳ್ತೈತೆ’, ‘ಗೊಡ್ಡು’, ‘ಬತ್ತೈತೆ’. ಆ ಧ್ವನಿಗಳನ್ನೆಲ್ಲ ಕೇಳಿ, ಪ್ರತಿ ಮಾತಿಗೂ ಯಂತ್ರಕ್ಕೆ ತಿಳಿಯುವ ಅರ್ಥ ಕೊಡಲು ಒಬ್ಬ ಭಾಷಾವಿಜ್ಞಾನಿಯನ್ನು ನೇಮಿಸಿಕೊಂಡರು. ಅವನು ಶ್ರದ್ಧೆಯಿಂದ ಪದಪಟ್ಟಿ ಮಾಡಿದ. ನೂರ ಹದಿನೇಳನೆಯ ಸಾಲಿಗೆ ಬಂದಾಗ ಬಾವಿಯನ್ನು ನೆನೆದ, ಕೆರೆಯನ್ನು ನೆನೆದ, ಬತ್ತುವುದು ಎಂದರೆ ಮುಗಿಯುವುದು ಎಂದು ತಿಳಿದು, ಎದುರಿಗೆ ‘ಸಾವು’ ಎಂದು ಬರೆದ. ಆ ಪಟ್ಟಿಗೆ ಮಂಡಳಿಯಿಂದ ಪ್ರಶಸ್ತಿಪತ್ರವೂ ಬಂದಿತ್ತು. ಚೌಕಟ್ಟು ಹಾಕಿಸಿದ್ದ.

ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ವನಮಾಲಾ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ತವರು ಅರಕಲಗೂಡಿನ ಕಡೆ. ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಕ್ಕಳು.

“ಅಯ್ಯೋ, ಬತ್ತಿದ ಹಸು ಅಂದ್ರೆ ನನ್ನ ಕೇಳಬಾರದಿತ್ತೇನ್ರೀ? ನಮ್ಮಮ್ಮ ವರ್ಷಕ್ಕೊಂದ್ಸಲ ಬತ್ತಿಸ್ತಿದ್ಲು.”

“ಆಗ ನಿನ್ನ ಮದುವೆ ಆಗಿರಲಿಲ್ಲ.”

“ಅದೂ ನನ್ನ ತಪ್ಪೇ ಅನ್ನಿ.” ಆಮೇಲೆ ಸೌಟು ಕೆಳಗಿಟ್ಟು ಕೂತಳು. ಲೆಕ್ಕದ ಮೇಷ್ಟ್ರಮ್ಮ, ನಗುವಿನ ಹಿಂದೆಯೇ ಅಂಕಿ ಬರುತ್ತದೆ. “ಹಾಗಾದ್ರೆ ಒಂಬತ್ತನೇ ತಾಕು ಒಂದೇ ಅಲ್ಲ. ಹನ್ನೊಂದು ವರ್ಷದಿಂದ ಬತ್ತಿದ ಹೊಲಕ್ಕೆಲ್ಲ ನೀರು ನಿಲ್ಸಿದೀರಿ.”

“ಹೌದು.”

“ಅದಕ್ಕೇ ಈಗ ಎಲ್ರೂ ಕಾಯಕಾನೇ ಬಿತ್ತೋದು. ಉಳಿದದ್ದೆಲ್ಲ ನೀವೇ ಒಣಗಿಸಿದ್ರಿ.”

ಅವನು ಅನ್ನ ಕಲಸುತ್ತಲೇ ಇದ್ದ. “ಯಾರಿಗೂ ಗೊತ್ತಿಲ್ಲ, ವನಮಾಲಾ. ಪಟ್ಟಿ ನೋಡುವವರು ಯಾರೂ ಇಲ್ಲ.”

“ಗೊತ್ತಿಲ್ಲದೆ ಇರೋಕೆ ನೀವು ಇವತ್ತು ಹೊಲಕ್ಕೆ ಹೋಗಬಾರದಿತ್ತು,” ಎಂದು ಅವಳು ಮಜ್ಜಿಗೆ ತರಲು ಎದ್ದಳು.

ಮರುದಿನ ನಿರ್ದೇಶಕಿ ಡಾ. ಶಿವಲೀಲಾ ಹಂಪಿಹೊಳಿಯವರ ಕೊಠಡಿಗೆ ಹೋದ. ಬೈಲಹೊಂಗಲ ಕಡೆಯವರು, ದೊಡ್ಡ ದನಿ, ಸಣ್ಣ ಕನ್ನಡಕ. ಅವನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರಿಗೆ ಗೊತ್ತದ ಇದು?”

“ನನಗೆ, ನನ್ನ ಹೆಂಡತಿಗೆ, ಪಾಲಮ್ಮನಿಗೆ.”

“ಅಂದ್ರ ಊರಿಗೆಲ್ಲ.” ಕನ್ನಡಕ ಮತ್ತೆ ಏರಿತು. “ನೋಡ್ರಿ ಇಂದುಶೇಖರ, ಒಂದು ಶಬ್ದಕ್ಕ ಮೂರು ತಾಲೂಕು ಅಲ್ಲಾಡಸ್ತೀರೇನು? ನೀವು ಸತ್ತಾವನ್ನೆಲ್ಲ ಎಬ್ಬಿಸಿ ಕುಂಡ್ರಿಸಿದ್ರ ಕುಡಿಯಾಕ ನೀರು ಯಾರು ಕೊಡ್ತಾರ? ಇರೋ ನೀರು ಇದ್ದಷ್ಟ ಐತಿ.”

“ಆದರೆ ಪಟ್ಟಿ ತಪ್ಪಿದೆ, ಮೇಡಂ.”

“ತಪ್ಪ ಐತಿ ಅಂತ ನೀವು ಹೇಳ್ತೀರಿ, ಒಬ್ಬ ಕೂಲಿ ಹೆಣಮಗಳು ಹೇಳ್ತಾಳ. ಯಂತ್ರ ಇಲ್ಲ ಅಂತೈತಿ. ನಾ ಯಾರನ್ನ ನಂಬ್ಲಿ?” ಕಿಟಕಿಯಾಚೆಯ ತಾಕುಗಳ ಕಡೆ ನೋಡಿದರು. ಅವರೂ ಒಂದು ಕಾಲಕ್ಕೆ ಮೊಣಕೈತನಕ ಮಣ್ಣು ಮಾಡಿಕೊಂಡು ಗಂಟು ಎಣಿಸಿದವರೇ. “ಒಂಬತ್ತನೇ ತಾಕು ಉಳುಮಿ ಮಾಡಸಾಕ ಇನ್ನ ಹನ್ನೆರಡು ದಿನ ಅದಾವ. ಅಷ್ಟರಾಗ ಅದು ಜೀವ ಹಿಡದು ಗಂಟು ಕೆಂಪ ಮಾಡಿದ್ರ ನನ್ನ ಮುಂದ ಸೀಳಿ ತೋರಸ್ರಿ. ಆದ್ರ ಮಂಡಳಿ ನೀರು ಒಂದು ಹನಿ ಮುಟ್ಟಂಗಿಲ್ಲ. ಸತ್ತ ತಾಕಿಗೆ ನೀರು ಬಿಟ್ರ ನನ್ನ ಕೆಲಸ ಹೋಕ್ಕೈತಿ.”

“ಮತ್ತೆ ಎಲ್ಲಿಂದ ತರಲಿ, ಮೇಡಂ?”

“ಅದು ಭಾಷಾವಿಜ್ಞಾನದ ಪ್ರಶ್ನಿ ಅಲ್ಲ. ಹೋಗ್ರಿ.”

ಕೇಂದ್ರದ ವಸತಿಯಲ್ಲಿ ಆರು ಮನೆಗಳಿದ್ದವು. ದಿನಕ್ಕೆ ಮನೆಗೆ ತೊಂಬತ್ತು ಲೀಟರು. ಅದು ಮಂಡಳಿಯದಲ್ಲ, ಮನೆಯವರದು. ಒಂಬತ್ತನೇ ತಾಕಿಗೆ ಒಂದು ಹದಕ್ಕೆ ಸಾವಿರ ಲೀಟರು ಬೇಕು. ವನಮಾಲಾ ಕ್ಷಣದಲ್ಲಿ ಭಾಗಿಸಿ, “ಎಲ್ಲಾ ಮನೆಯೂ ಎರಡು ದಿನ,” ಎಂದಳು. ಇಂದುಶೇಖರ ಮನೆಮನೆಗೆ ಹೋಗಿ ಬಾಗಿಲು ತಟ್ಟಿದ. ತನ್ನ ತಪ್ಪನ್ನು ಹೇಳದೆ ನೀರು ಕೇಳಲು ಮೊದಲ ಮನೆಯಲ್ಲಿ ನೋಡಿದ, ಆಗಲಿಲ್ಲ. ಎರಡನೆಯ ಮನೆಯಿಂದ ತಪ್ಪಿನಿಂದಲೇ ಶುರು ಮಾಡಿದ. ಜನಕ್ಕೆ ಇನ್ನೊಬ್ಬರ ತಪ್ಪು ಕೇಳುವುದರಲ್ಲಿ ಇರುವ ಸುಖಕ್ಕೆ ಎರಡು ದಿನದ ನೀರು ಹೆಚ್ಚಲ್ಲ ಎಂದು ಕಡೆಯ ಮನೆ ಹೊತ್ತಿಗೆ ತಿಳಿಯಿತು.

ಮೂಲೆಮನೆಯ ಐರಿನ್ ಲೋಬೊ ಮಾತ್ರ ಚೌಕಾಸಿಗೆ ನಿಂತರು. ಗಂಡ ಮಣ್ಣು ಪರೀಕ್ಷೆಯವರು, ಊರು ಕುಂದಾಪುರ.

“ಸ್ನಾನ ಎರಡು ದಿನ ಬಿಡ್ಲಿಕ್ಕೆ ಆಗ್ತದೆ ಮಾರಾಯ್ರೆ. ಇವರು ಹೇಗೂ ಬಿಡ್ತಾರೆ. ಆದ್ರೆ ನಾಳೆ ಬಂಗುಡೆ ಬರ್ತದೆ, ಅದನ್ನು ತೊಳೆಯುವುದು ಯಾವುದರಲ್ಲಿ?”

“ಆ ತೊಳೆದ ನೀರೂ ಕೊಡಿ. ಗಿಡಕ್ಕೆ ಒಳ್ಳೆಯದೇ.”

“ಶೇಂಗಾ ಬಂಗುಡೆ ವಾಸನೆ ಬಂದ್ರೆ ನನ್ನನ್ನು ಕೇಳಬಾರ್ದು!”

ಗುರುವಾರ ಬೆಳಿಗ್ಗೆ ಕೊಡ, ಬಕೆಟ್ಟು, ಕ್ಯಾನುಗಳ ಮೆರವಣಿಗೆ ಒಂಬತ್ತನೇ ತಾಕಿಗೆ ಹೋಯಿತು. ಪಾಲಮ್ಮ ನೀರು ಸುರಿಯಲು ಬಿಡಲಿಲ್ಲ. ಡಬ್ಬಿಗಳಿಗೆ ತೂತು ಕೊರೆಸಿ ಬುಡಬುಡಕ್ಕೆ ಜಿನುಗಿಸಿದಳು. “ಒಂದೇ ಸಲ ಕುಡಿಸಿದ್ರೆ ಉಬ್ಬರಿಸ್ಕೊಂತೈತೆ,” ಎಂದಳು. ಪರದೆಯ ಮೇಲೆ ಆ ಜಾಗ ಕೆಂಪಾಗಿಯೇ ಇತ್ತು. ಸಾವು ಎಂದು ಬಿದ್ದ ಸಾಲಿನ ಮಾತು ಯಂತ್ರ ಕೇಳುತ್ತಿರಲಿಲ್ಲ.

ಮೊದಲ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಗಿಡಗಳು ಬಿಸಿಲಿಗೆ ಎಲೆ ಮಡಚುವುದು ಬಿಟ್ಟವು. ಏಳನೆಯ ದಿನ ಕಾಯಕದ ತಾಕಿನಲ್ಲಿ ಇನ್ನೂ ಎಂಟು ಗಿಡ ಮಗುಚಿದವು, ಹಸಿರು ಚುಕ್ಕೆಯೊಂದಿಗೆ. ಇಂದುಶೇಖರ ದಿನಕ್ಕೆ ನಾಲ್ಕು ಸಲ ತಾಕಿಗೆ ಹೋಗಿ ಬರುತ್ತಿದ್ದ. ಒಂದು ಗಿಡ ಕಿತ್ತು ನೋಡೋಣ ಎಂದ. ಪಾಲಮ್ಮ ಬಿಡಲಿಲ್ಲ.

“ಬಸುರಿ ಒಟ್ಟೆ ಗಳಿಗ್ಗೊಂದ್ಸಲ ಮುಟ್ಟಿ ನೋಡ್ತಾರಾ ಸಾ? ಸುಮ್ಕೆ ಇರ್ರಿ.”

ಹನ್ನೊಂದನೆಯ ದಿನ ನಿರ್ದೇಶಕಿ ಬಂದರು. ಟ್ರ್ಯಾಕ್ಟರೂ ಬಂದು ಬದುವಿನಲ್ಲಿ ನಿಂತಿತ್ತು. ಚಾಲಕ ಇಂಜಿನ್ ಆರಿಸಿರಲಿಲ್ಲ. ಪಾಲಮ್ಮ ಒಂದು ಗಿಡ ಕಿತ್ತು ಶಿವಲೀಲಾ ಅವರ ಕೈಗೇ ಕೊಟ್ಟಳು. ಅವರು ಬಹಳ ದಿನದ ಮೇಲೆ ಗಂಟು ಮುಟ್ಟಿದವರ ಹಾಗೆ ಬೇರನ್ನು ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಒಂದನ್ನು ಸೀಳಿದರು. ಕೆಂಪು. ಇನ್ನೊಂದು ಸೀಳಿದರು. ಕೆಂಪು, ಎಳೆಯ ಬೀಟ್‌ರೂಟಿನ ಹಾಗೆ. ಪಕ್ಕದಲ್ಲೇ ಸಣ್ಣ ಹೊಸ ಗಂಟುಗಳೂ ಕಟ್ಟಿದ್ದವು. ಮೂರನೆಯದನ್ನು ಸೀಳಲಿಲ್ಲ.

“ಟ್ರ್ಯಾಕ್ಟರ್ ಬಂದ್ ಮಾಡ್ರಿ ಅದನ್ನ, ಕಿವಿ ಹೋಗಾಕತ್ತಾವ,” ಎಂದರು. ಆಮೇಲೆ ಇಂದುಶೇಖರನ ಕಡೆ ತಿರುಗಿದರು. “ಪಟ್ಟಿ ತಿದ್ದೋ ಅಧಿಕಾರ ನಂಗಿಲ್ಲ. ಮಾಡಿದವರಿಗಷ್ಟ ಐತಿ. ತಿದ್ದಿದ್ರ ಏನೇನ ಆಗತೈತಿ ಅಂತ ಓದಿಕೊಂಡ ತಿದ್ರಿ.”

ಅವನು ಓದಿಕೊಂಡ. ಅರ್ಥ ತಿದ್ದಿದರೆ ಯಂತ್ರ ಹಳೆಯ ತೀರ್ಪುಗಳನ್ನೆಲ್ಲ ಮತ್ತೆ ತೂಗುತ್ತದೆ. ಬತ್ತಿದ್ದರೂ ಸತ್ತಿದೆ ಎಂದು ನೀರು ನಿಲ್ಲಿಸಿದ ಪ್ರತಿ ಹೊಲವೂ ಪಾಳಿಗೆ ಮರಳುತ್ತದೆ. ಪಾಳಿಯಲ್ಲಿದ್ದವರಿಗೆಲ್ಲ ನಲವತ್ತು ನಿಮಿಷದ ನೀರು ಇಪ್ಪತ್ತೊಂಬತ್ತಕ್ಕೆ ಇಳಿಯುತ್ತದೆ. ಆಗ ತಪ್ಪಾಗಿ ನೀರು ಕಳೆದುಕೊಂಡಿದ್ದ ಪ್ರತಿಯೊಬ್ಬರಿಗೂ ಮೂಲ ಅರ್ಥ ಬರೆದವನ ಹೆಸರು, ರುಜುವಿನೊಂದಿಗೆ ಕಾಗದ ಹೋಗಬೇಕು. ಎರಡು ಸಾವಿರದ ಎಂಟುನೂರ ನಲವತ್ತೇಳು ಕಾಗದ. ಹಾಗೆಂದರೆ ಬೈಯಲು ವಿಳಾಸ ಇಲ್ಲದ ಮೂರು ತಾಲ್ಲೂಕಿನ ಸಿಟ್ಟಿಗೆ ಇನ್ನು ಮುಂದೆ ಒಂದು ವಿಳಾಸ ಇರುತ್ತದೆ.

ನಿಯಂತ್ರಣ ಕೊಠಡಿಯಲ್ಲಿ ಸಾಲು ನೂರ ಹದಿನೇಳನ್ನು ತೆರೆದ. ‘ಸಾವು’ ಅಳಿಸಿದ. ‘ವಿರಾಮ’ ಎಂದು ಬರೆದ. ‘ಮೂಲ ಅರ್ಥ ತಪ್ಪೆಂದು ಒಪ್ಪುವಿರಾ?’ ಎಂದು ಯಂತ್ರ ಕೇಳಿತು. ಎರಡೇ ಉತ್ತರಗಳಿದ್ದವು. ಒಪ್ಪಿದ. ಪರದೆಯ ಮೇಲೆ ಮೂರು ತಾಲ್ಲೂಕಿನ ನಕ್ಷೆ ಒಂದು ಗಳಿಗೆ ಖಾಲಿಯಾಗಿ, ಆಮೇಲೆ ಒಂದೊಂದೇ ಹಳದಿ ಚುಕ್ಕೆ ಹೊತ್ತಿಕೊಂಡಿತು, ಅವನು ಎಂದೂ ನೋಡದ ಊರುಗಳಲ್ಲೆಲ್ಲ. ಹತ್ತು ನಿಮಿಷಕ್ಕೆ ಮೊದಲ ದೂರವಾಣಿ ಬಂತು. “ಹನ್ನೊಂದು ನಿಮಿಷ ಎಲ್ಲೋಯ್ತು ಸ್ವಾಮಿ ನಮ್ದು?” ಎಂದು ಆ ಕಡೆಯವನು ಕೇಳಿದ. ಇಂದುಶೇಖರ ಹೇಳಿದ. ಆ ಕಡೆಯವನು ಒಂದು ಮಾತು ಅಂದ. ಪದಪಟ್ಟಿಯಲ್ಲಿ ಅದು ಇರಲಿಲ್ಲ, ಆದರೆ ಅರ್ಥದಲ್ಲಿ ಅನುಮಾನವಿರಲಿಲ್ಲ.

ಕಾಗದಗಳು ಊರಿನ ಪ್ರಕಾರ ಅಚ್ಚಾಗಿ ಬರತೊಡಗಿದವು. ರುಜು ಹಾಕುತ್ತ ಹೋದ. ನಾನೂರು ದಾಟಿದ ಮೇಲೆ ಹೆಸರು ಓದುವುದು ಬಿಟ್ಟಿದ್ದ. ಆದರೂ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ‘ಪಾಲಮ್ಮ ಕೋಂ ಬೋರಯ್ಯ, ಎರಡು ಎಕರೆ ಹತ್ತು ಗುಂಟೆ, ನೀರು ನಿಂತು ಒಂಬತ್ತು ವರ್ಷ.’

ಆ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಮಧ್ಯಾಹ್ನ ತಾನೇ ತೆಗೆದುಕೊಂಡು ಹೋದ. ಹೆಂಗಸರು ಕಾಯಿ ಬಿಡಿಸುವ ಚಪ್ಪರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಪಾಲಮ್ಮ ಕೈ ತೊಳೆದು ಎದ್ದು ಬಂದಳು.

“ನಿನಗೂ ಹೊಲ ಇತ್ತು ಅಂತ ನನಗೆ ಗೊತ್ತಿರಲಿಲ್ಲ.”

“ಇದ್ದಿದ್ದು ಒಣಗಿದ್ಕೇ ಕೂಲಿಗೆ ಬಂದಿದ್ದು, ಸಾ.”

“ಪರೀಕ್ಷೆಗೆ ಯಾರು ಬಂದಿದ್ರು?”

“ಯಾರೋ ಮಂಡಳಿಯೋರು. ಎಂಗೈತಮ್ಮ ಅಂದ್ರು. ಬತ್ತೈತೆ ಸಾಮಿ ಅಂದೆ, ಒಂದು ಪಾಳಿ ನೀರು ಕೊಟ್ರೆ ಎದ್ದೇಳ್ತೈತೆ ಅಂತ. ತಲೆ ಆಡಿಸಿ ಬರ್ಕೊಂಡು ಹೋದ್ರು. ಮಾರನೇ ದಿನ ನೀರು ನಿಂತೋತು.” ಅವಳ ದನಿಯಲ್ಲಿ ದೂರು ಇರಲಿಲ್ಲ, ಮಳೆ ಯಾವ ದಿನ ನಿಂತಿತು ಎಂದು ಹೇಳುವವರ ದನಿ ಅದು. “ನಾನೇ ಏನೋ ತಪ್ಪಾಗಿ ಹೇಳ್ಬಿಟ್ಟೆ ಅನ್ಕಂಡಿದ್ದೆ. ನಮ್ಮ ಯಜಮಾನ್ರು ಸಾಯೋಗಂಟ ಅದ್ನೇ ಅಂತಿದ್ರು. ನಿನ್ ಬಾಯೇ ನೀರು ನಿಲ್ಸಿದ್ದು ಅಂತ.”

ಇಂದುಶೇಖರ ಕಾಗದವನ್ನು ಅವಳ ಕಡೆ ಚಾಚಿದ. ಭಾಷೆಯಲ್ಲಿ ಅವನಿಗೆ ಚಿನ್ನದ ಪದಕ ಬಂದಿತ್ತು.

“ಓದ್ರಿ ಅದೇನೈತೆ,” ಎಂದಳು ಪಾಲಮ್ಮ.

ಓದಿದ. “‘ತಮ್ಮ ಹೊಲದ ಬೆಳೆ ಸತ್ತಿದೆ ಎಂದು ಈ ಹಿಂದೆ ತೀರ್ಮಾನಿಸಿದ್ದು ತಪ್ಪು. ತಾವು ಹೇಳಿದ್ದು ಸರಿಯಾಗಿತ್ತು. ನಾನು ಅದನ್ನು ತಪ್ಪಾಗಿ ತಿಳಿದುಕೊಂಡೆ. ಬೆಳೆ ಸತ್ತಿರಲಿಲ್ಲ, ಬತ್ತಿತ್ತು.’ ಕೆಳಗೆ ನನ್ನ ರುಜು.”

ಅವಳು ಕಾಗದ ಇಸಿದುಕೊಂಡು ಆ ಕಡೆ ಈ ಕಡೆ ತಿರುಗಿಸಿ, ತಿರುಗಿ ಅವನ ಕೈಗೇ ಕೊಟ್ಟಳು.

“‘ಬತ್ತಿತ್ತು’ ಅಂದ್ರೆ ಓದಿದೋರು ತಿರುಗಾ ಬಾವಿ ಅನ್ಕಂತಾರೆ, ಸಾ. ‘ಬತ್ತಿಸ್ಕೊಂಡಿತ್ತು’ ಅಂತ ಹಾಕ್ರಿ. ಅದು ತಾನೇ ಮಾಡ್ಕೊಂಡಿದ್ದು.”

ಇಂದುಶೇಖರ ಜೇಬಿನಿಂದ ಪೆನ್ನು ತೆಗೆದು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಆ ಪದವನ್ನು ಹೊಡೆದುಹಾಕಿದ. ಹೊಸದನ್ನು ಮೇಲೆ ಬರೆಯುವ ಮುಂಚೆ ಅವಳಿಗೆ ಇನ್ನೊಂದು ಸಲ ಹೇಳು ಎಂದ. ಅವಳು ಹೇಳಿದಳು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ.